ಪಾಕೀಟಿನ ಬೆನ್ನ ಮೇಲೊಂದು ಬೆಳ್ಳುಳ್ಳಿ

ನನಗೊಂದು ಚಟವಿದೆ. ಅಂಗಡಿಗೆ ಹೋದರೆ ಯಾವ ಪಾಕೀಟಿನ ಮುಖವನ್ನೂ ನೋಡುವುದಿಲ್ಲ. ಕೈಗೆತ್ತಿಕೊಂಡವಳೇ ತಿರುವಿ ಅದರ ಬೆನ್ನು ನೋಡುತ್ತೇನೆ. ಮುಖದ ಮೇಲೆ ಏನಿರುತ್ತದೆ ಎಂಬುದು ಗೊತ್ತಿದ್ದದ್ದೇ. ನಗುವ ಮಗು, ಹಸಿರು ಹೊಲ, ಹೊಳೆಯುವ ಗೋಧಿ ತೆನೆ. ನಿಜವಾದ ಮಾತೆಲ್ಲ ಹಿಂದುಗಡೆ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಓದಲು ಕನ್ನಡಕ ಬೇಕು. ಕನ್ನಡಕ ಮನೆಯಲ್ಲಿರುತ್ತದೆ. ಹಾಗಾಗಿ ತೋಳನ್ನು ಉದ್ದಕ್ಕೆ ಚಾಚಿ, ಕತ್ತನ್ನು ಹಿಂದಕ್ಕೆಳೆದು, ಒಂದು ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತೇನೆ. ಹಿಂದಿನಿಂದ ಬರುವವರು ನನ್ನನ್ನು ಸುತ್ತು ಹಾಕಿ ಹೋಗುತ್ತಾರೆ.

"ಏ, ಪುರಾಣ ಮುಗೀತೇನ? ಮಂಗಳಾರತಿ ಮಾಡು, ಮನಿಗೆ ಹೋಗಾಮ," ಎನ್ನುತ್ತಾರೆ ನಮ್ಮ ಮನೆಯವರು, ಚೀಲ ಹಿಡಿದು ನಿಂತು ನಿಂತು ಬೇಸತ್ತು.

ಪಾಕೀಟಿನ ಬೆನ್ನು ಒಂದೇ ಆದರೂ ಓದುವವರೆಲ್ಲ ಅದರಲ್ಲಿ ಒಂದನ್ನೇ ಓದುವುದಿಲ್ಲ, ಗಮನಿಸಿದ್ದೀರಾ? ನಮ್ಮ ಸೊಸೆ ಪ್ರೋಟೀನ್ ಎಷ್ಟಿದೆ ಎಂದು ಹುಡುಕುತ್ತಾಳೆ. ಮಗ ಎಣ್ಣೆ ಯಾವುದು ಎಂದು ನೋಡುತ್ತಾನೆ. ಮನೆಯವರು ಬೆಲೆಯನ್ನು ಮಾತ್ರ ನೋಡುತ್ತಾರೆ, ನೋಡಿ ನಿಟ್ಟುಸಿರು ಬಿಡುತ್ತಾರೆ. ನನಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿದಂದಿನಿಂದ ನನ್ನ ಕಣ್ಣು ನೇರವಾಗಿ ಸಕ್ಕರೆಯ ಸಾಲಿಗೇ ಹೋಗುತ್ತದೆ. ಅಲ್ಲಿರುವ ಅಂಕಿಯನ್ನು ಓದಿ, "ಅಯ್ಯಯ್ಯ, ಇಷ್ಟೊಂದು ಹಾಕ್ಯಾರ!" ಎಂದು ಎಲ್ಲರಿಗೂ ಕೇಳುವಂತೆ ಉದ್ಗರಿಸಿ, ಆಮೇಲೆ ಅದನ್ನೇ ಬುಟ್ಟಿಗೆ ಹಾಕಿಕೊಳ್ಳುತ್ತೇನೆ. ಓದಿ ತಿಂದರೆ ಪಾಪ ಅರ್ಧವಾದರೂ ಕಡಿಮೆಯಾಗುತ್ತದೆ ಎಂದು ನನ್ನ ನಂಬಿಕೆ. ಡಾಕ್ಟರು ಇದನ್ನು ಒಪ್ಪಿಲ್ಲ.

ಮೊನ್ನೆ ಹೀಗೇ ಶೇಂಗಾ ಚಟ್ನಿಪುಡಿಯ ಪಾಕೀಟೊಂದರ ಬೆನ್ನು ಓದುತ್ತಿದ್ದೆ. ಶೇಂಗಾ ಇತ್ತು, ಮೆಣಸಿನಕಾಯಿ ಇತ್ತು, ಉಪ್ಪು, ಜೀರಿಗೆ, ಕೊನೆಗೆ ಬೆಳ್ಳುಳ್ಳಿ. ಆ ಕೊನೆಯ ಪದ ಓದಿದ್ದೇ ತಡ, ಅಂಗಡಿಯ ನಟ್ಟನಡುವೆ ನಿಂತು ನಗತೊಡಗಿದೆ. ಮನೆಯವರು ಗಾಬರಿಯಾಗಿ ಹತ್ತಿರ ಬಂದರು. ಪಾಕೀಟನ್ನು ಅವರ ಕೈಗೆ ಕೊಟ್ಟು ಆ ಪದದ ಮೇಲೆ ಬೆರಳಿಟ್ಟೆ. ಅವರೂ ನಕ್ಕರು. ಮುದುಕ ಮುದುಕಿ ಇಬ್ಬರೂ ಬೆಳ್ಳುಳ್ಳಿ ನೋಡಿ ನಗುವುದನ್ನು ಕಂಡ ಜನ ಏನಂದುಕೊಂಡರೋ ಶಿವನೇ ಬಲ್ಲ.

ಆ ನಗುವಿನ ಕತೆ ಹೇಳಬೇಕೆಂದರೆ ನಿಮ್ಮನ್ನು ವಾಡಿಗೆ ಕರೆದುಕೊಂಡು ಹೋಗಬೇಕು. ಅದಕ್ಕೂ ಮೊದಲು ಐನಾಪುರದಲ್ಲಿ ಒಂದು ಗಳಿಗೆ ಇಳಿದು ಹೋಗೋಣ. ಅದು ದಾರಿಯಲ್ಲಿ ಬರುವುದಿಲ್ಲ, ಆದರೆ ನನ್ನ ತವರು ಅದು.

ನಮ್ಮ ಮುತ್ಯಾ, ಎಂದರೆ ಅಜ್ಜ, ಒಮ್ಮೆ ಚಿಂಚೋಳಿಯಿಂದ ಬಿಸ್ಕತ್ತಿನ ತಗಡಿನ ಡಬ್ಬ ತಂದಿದ್ದರು. ಅಂಗಡಿಯಲ್ಲಿ ಅದನ್ನು ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿ, ಮುಚ್ಚಳವನ್ನು ಹತ್ತಾರು ಸಲ ತೆಗೆದು ಮುಚ್ಚಿ ನೋಡಿಯೇ ಕೊಂಡರಂತೆ. ಒಳಗೇನಿದೆ ಎಂದು ಮಾತ್ರ ಕೇಳಲಿಲ್ಲ. ಬಿಸ್ಕತ್ತು ನಾಳೆಗೆ ಮುಗಿಯುತ್ತದೆ, ಡಬ್ಬ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂಬುದು ಅವರ ವಿಚಾರ. ಮನೆಗೆ ಬಂದ ಡಬ್ಬವನ್ನು ನಮ್ಮ ಆಯಿ, ಅಂದರೆ ಅಜ್ಜಿ, ಹೊಸ್ತಿಲ ಹೊರಗೇ ತಡೆದರು. ಒಳಗೆ ತತ್ತಿ, ಎಂದರೆ ಮೊಟ್ಟೆ, ಹಾಕಿರುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ತತ್ತಿ ಮುಟ್ಟಿದ್ದು ಲಿಂಗಪೂಜೆಯ ಮನೆಯೊಳಗೆ ಬರುವುದುಂಟೆ? ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಶಾಲೆಯ ಮಾಸ್ತರರನ್ನು ಕರೆಸಿದರು. ಅವರು ಡಬ್ಬವನ್ನು ಬೆಳಕಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದರು.

"ಗೋಧಿ ಹಿಟ್ಟು, ಸಕ್ಕರಿ, ತುಪ್ಪದಂಥದ್ದು ಒಂದು, ಉಪ್ಪು. ಇಷ್ಟೇ ಅದ ನೋಡ್ರಿ ಆಯಿ."

"ತತ್ತಿ ಅಂತ ಬರದಾರೇನ್ರಿ ಮಾಸ್ತರ?"

"ಬರದಿಲ್ರಿ."

"ಬರೀಲಿಲ್ಲಂದ್ರ ಹಾಕಿಲ್ಲಂತ ಹ್ಯಾಂಗ ನಂಬಬೇಕು? ಕಳ್ಳ ಏನೇನು ಕದ್ದೀನಿ ಅಂತ ಬಾಗಿಲ ಮ್ಯಾಲ ಬರದು ಹೋಗ್ತಾನೇನ?"

ಮಾಸ್ತರರು ಡಬ್ಬವನ್ನು ಕಟ್ಟೆಯ ಮೇಲಿಟ್ಟು ಶಾಲೆಯ ಕಡೆ ನಡೆದರು. ತೀರ್ಪು ಏನಾಯಿತೆಂದರೆ, ಬಿಸ್ಕತ್ತು ಹೊರಗೇ ಖರ್ಚಾಗಬೇಕು, ಡಬ್ಬ ತೊಳೆದುಕೊಂಡು ಒಳಗೆ ಬರಬೇಕು. ಕಟ್ಟೆಯ ಮೇಲೆ ಕೂತು ನಾವು ಮೊಮ್ಮಕ್ಕಳು ಖರ್ಚು ಮಾಡಿದೆವು. ಅಷ್ಟು ರುಚಿಯಾದ ಬಿಸ್ಕತ್ತನ್ನು ನಾನು ಈ ಜನ್ಮದಲ್ಲಿ ಮತ್ತೆ ತಿಂದಿಲ್ಲ. ಡಬ್ಬ ಈಗಲೂ ತಮ್ಮನ ಮನೆಯಲ್ಲಿದೆ, ಅದರಲ್ಲಿ ಸೂಜಿ ದಾರ ಇಟ್ಟಿದ್ದಾರೆ. ಆಯಿಯ ಪ್ರಶ್ನೆ ಮಾತ್ರ ಬಹಳ ವರ್ಷ ನನ್ನ ತಲೆಯಲ್ಲೇ ಉಳಿಯಿತು.

ಇನ್ನು ನಮ್ಮ ಅವ್ವನಿಗೆ ಲೇಬಲ್ಲೆಂದರೆ ಹಲ್ಲು. ಸಂತೆಯಲ್ಲಿ ಶೇಂಗಾ ಕಂಡರೆ ಕಡಿಯುವಳು, ತೊಗರಿ ಬೇಳೆ ಕಂಡರೆ ಕಡಿಯುವಳು, ಬೆಲ್ಲ ಮುರಿದು ಬಾಯಿಗೆ ಹಾಕುವಳು. "ಕೊಳ್ಳಾಕ ಬಂದೀರೋ ಉಣ್ಣಾಕ ಬಂದೀರೋ?" ಎಂದು ವ್ಯಾಪಾರಿಗಳು ಕೇಳಿದರೆ, "ಉಣ್ಣೂದಕ್ಕೇ ಕೊಳ್ಳೂದಲ್ಲಪ್ಪ," ಎಂದು ಮುಂದಿನ ಗುಡ್ಡೆಗೆ ಹೋಗುವಳು. ಸಂತೆಯ ದಿನ ಅವ್ವ ಮಧ್ಯಾಹ್ನ ಊಟ ಮಾಡಿದ್ದನ್ನು ನಾನು ನೋಡಿಲ್ಲ.

ಇಂಥ ಮನೆಯಿಂದ ಮದುವೆಯಾಗಿ ನಾನು ವಾಡಿಗೆ ಬಂದೆ. ಮೈಸೂರು ರಾಜ್ಯವೆಂಬ ಹೆಸರು ಹೋಗಿ ಕರ್ನಾಟಕವಾಗಿ ಕೆಲವು ವರ್ಷಗಳಾಗಿದ್ದವು. ಮನೆಯವರಿಗೆ ಸಿಮೆಂಟಿನ ಕಾರ್ಖಾನೆಯಲ್ಲಿ ಕೆಲಸ, ಕಾಲೊನಿಯಲ್ಲಿ ಕ್ವಾರ್ಟರ್ಸು. ಕೆಳಗೆ ನುಣುಪಾದ ಶಹಾಬಾದ್ ಕಲ್ಲಿನ ಫರ್ಸಿ, ಮೇಲೆ ಎಲ್ಲದರ ಮೇಲೂ ತೆಳ್ಳಗೆ ಸಿಮೆಂಟಿನ ಧೂಳು. ಮನೆಯಲ್ಲಿ ಅತ್ತೆ ನಾಗಮ್ಮ. ಕಡ್ಡಿಯಂಥ ದೇಹ, ಕಲ್ಲಿನಂಥ ಹಟ. ಯಾರ ಮನೆಗೆ ಊಟಕ್ಕೆ ಹೋದರೂ ಏನನ್ನೂ ಎರಡನೆಯ ಸಲ ಬಡಿಸಿಕೊಂಡವರಲ್ಲ. ಬಡಿಸುವವರು ಎಷ್ಟೇ ಬಲವಂತ ಮಾಡಲಿ, ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದುಬಿಡುತ್ತಿದ್ದರು. "ನಾಗಮ್ಮನ ಕಡಿಂದ ಇನ್ನೊಂಚೂರು ಅನ್ನಿಸಿಕೊಂಡೋರು ಹುಟ್ಟಿಲ್ಲ," ಎಂದು ಬೀಗರಲ್ಲಿ ಮಾತಿತ್ತು.

ಬಂದ ಹೊಸತರಲ್ಲಿ ಒಂದು ದಿನ ಅಡುಗೆ ಮನೆಯಿಂದಲೇ ಕೂಗಿದೆ: "ಅತ್ತಿ, ಎಣ್ಣಿ ಇಲ್ರಿ." ಅತ್ತೆ ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟರು.

"ಉಣ್ಣೂ ಪದಾರ್ಥಕ್ಕ 'ಇಲ್ಲ' ಅನಬಾರದವ್ವ. ಅಂದಂಗ ಆಗ್ತದ. ಎಣ್ಣಿ ತರಬೇಕು ಅನ್ನು."

ನಮ್ಮ ಕಡೆ ಹಿರಿಯರೆಲ್ಲ ಹೀಗೆಯೇ. ಉಪ್ಪು ಮುಗಿದರೂ ಮುಗಿಯಿತು ಎನ್ನುವುದಿಲ್ಲ, ಅಕ್ಕಿ ತೀರಿದರೂ ತೀರಿತು ಎನ್ನುವುದಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಮನಸ್ಸಿನಲ್ಲೇ ನಕ್ಕೆ. 'ಇಲ್ಲ' ಎಂದ ಮಾತ್ರಕ್ಕೆ ಡಬ್ಬದಲ್ಲಿದ್ದದ್ದು ಹಾರಿಹೋಗುತ್ತದೆಯೇ ಎಂದುಕೊಂಡೆ. ಆ ಮಾತು ಮುಂದೆ ನಮ್ಮಿಬ್ಬರನ್ನೂ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅತ್ತೆಯ ಶೇಂಗಾ ಹಿಂಡಿ ನಾಲ್ಕೂ ಕಡೆಯ ಬೀಗರಲ್ಲಿ ಹೆಸರುವಾಸಿ. ಹಿಂಡಿ ಎಂದರೆ ದನಕ್ಕೆ ಹಾಕುವುದಲ್ಲ ಮತ್ತೆ. ನೀವು ಬೆಂಗಳೂರಿನ ಕಡೆಯವರಾದರೆ ಚಟ್ನಿಪುಡಿ ಎಂದುಕೊಳ್ಳಿ. ಶೇಂಗಾ ಹುರಿದು, ಫರ್ಸಿಯ ಮೇಲೆ ಹರವಿ ಆರಿಸಿ, ಸಿಪ್ಪೆ ಉಜ್ಜಿ ಕೇರಿ, ಒಣಮೆಣಸಿನಕಾಯಿ, ಉಪ್ಪು, ಜೀರಿಗೆ, ಬೆಳ್ಳುಳ್ಳಿ ಹಾಕಿ ಒರಳಲ್ಲಿ ಕುಟ್ಟುತ್ತಿದ್ದರು. ಕಾಳು ಎಣ್ಣೆ ಬಿಟ್ಟು ಒಂದಕ್ಕೊಂದು ಅಂಟುವ ಹೊತ್ತಿಗೆ ನಿಲ್ಲಿಸಬೇಕು. ಬಿಸಿ ಜೋಳದ ರೊಟ್ಟಿಯ ಮೇಲೆ ಅದನ್ನು ಉದುರಿಸಿ, ಮೇಲೊಂದಿಷ್ಟು ಎಣ್ಣೆ ಹಾಕಿ ಕೊಟ್ಟರೆ ಪಲ್ಯ ಯಾಕೆ ಮಾಡಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಸಲ ಸೇಡಂನಲ್ಲಿ ಬೀಗರ ಮದುವೆ. ಪಂಕ್ತಿಯಲ್ಲಿ ಎಲ್ಲರೂ ಅತ್ತೆ ಮನೆಯಿಂದ ತಂದಿದ್ದ ಹಿಂಡಿಯನ್ನು ಹೊಗಳುತ್ತಿದ್ದಾರೆ. ಅತ್ತೆಯ ನಾದಿನಿ ಸಿದ್ದಮ್ಮ ಅಲ್ಲೇ ಕೂತಿದ್ದರು. ನಾಲಿಗೆ ಸ್ವಲ್ಪ ಉದ್ದ ಅವರದು. ಎಲ್ಲರಿಗೂ ಕೇಳುವಂತೆ ಅಂದರು:

"ನಮ್ಮ ವೈನಿ ಹಿಂಡಿ ನಾವು ಮನಿ ಮಂದಿ ಹೊಗಳಬೇಕು ಅಷ್ಟೇ. ಪುಕ್ಕಟೆ ಕೊಟ್ಟದ್ದು ಯಾರು ಬ್ಯಾಡಂತಾರ? ಗುರುತಿಲ್ಲದೋರು ಅಂಗಡ್ಯಾಗ ಕೊಂಡು ತಿಂದ್ರ ಅವಾಗ ಅನ್ರಿ."

ಪಂಕ್ತಿಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಆದರೆ ವಾಪಸ್ಸು ಬರುವಾಗ ಚಿತ್ತಾಪುರ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದವರು ನನ್ನ ಕಡೆ ತಿರುಗಿ, "ಶಾಂತಾ, ನಮ್ಮ ಗುರುತು ಪರಿಚಯ ಏನೂ ಇರದೋರು ಒಮ್ಮೆರ ನನ್ನ ಹಿಂಡಿ ಕೊಂಡು ತಿನ್ನಬೇಕು ನೋಡು," ಎಂದರು. ಅವರು ನನ್ನ ಬಳಿ ತಮಗಾಗಿ ಏನಾದರೂ ಬೇಕೆಂದದ್ದು ಅದೇ ಮೊದಲು. ನನಗೆ ಸಿದ್ದಮ್ಮನವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ವಾಡಿ ಬಂದು ರೈಲಿನಿಂದ ಇಳಿಯುವಷ್ಟರಲ್ಲಿ ನಾನು ನಿಶ್ಚಯ ಮಾಡಿಬಿಟ್ಟಿದ್ದೆ.

ಕಾಲೊನಿಯಲ್ಲಿ ನೌಕರರ ಸೊಸೈಟಿಯ ಅಂಗಡಿ ಇತ್ತು. ಅದರ ಸೆಕ್ರೆಟರಿ ವೆಂಕಟರಾವ್. ಬಾಯಿ ತುಂಬ ಎಲೆ ಅಡಿಕೆ, ಕಿವಿಯ ಮೇಲೊಂದು ಪೆನ್ಸಿಲು. ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಒಂದು ಸುಲಭದ ದಾರಿ ಗೊತ್ತಿದ್ದವರು. ಅತ್ತೆ ಹಿಂಡಿಯ ಡಬ್ಬ ಅವರ ಮುಂದಿಟ್ಟರು. ಅವರು ಎಲೆ ಅಡಿಕೆ ಉಗುಳಿ ಬಂದು, ತಿಂದು ನೋಡಿ, ತಲೆದೂಗಿದರು.

"ಅಮ್ಮಾರ, ಹಿಂಡಿ ಭಾಳ ಚಲೋ ಅದ. ಆದ್ರ ಲೇಬಲ್ ಹಚ್ಚದೆ ನಾ ಕಪಾಟಿನ್ಯಾಗ ಇಡಂಗಿಲ್ರಿ. ಒಳಗ ಏನೇನದ ಬರೀರಿ. ಅದಕ್ಕೂ ಮದ್ಲ ಯಾರ ಮನಿದು ಅಂತ ಬರೀರಿ. ಮಂದಿ ಮದ್ಲ ನೋಡೂದೇ ಅದು. ಶರಣರ ಮನಿ ಹಿಂಡಿ ಅಂದ್ರ ಕಣ್ಣು ಮುಚ್ಚಿ ಒಯ್ತಾರ. ಪಗಾರದ ವಾರ ಇಟ್ಟು ನೋಡಾಮ. ಹೋಗಲಿಲ್ಲಂದ್ರ ವಾಪಸ್ ಒಯ್ಯಿರಿ, ಮತ್ತ ಕೇಳಬ್ಯಾಡ್ರಿ."

ಮನೆಗೆ ಬಂದು ನಾನು ಕಾಗದ ಪೆನ್ನು ಹಿಡಿದು ಕೂತೆ. 'ಶರಣರ ಮನೆ' ಎಂದು ಬರೆಯಲು ಹೊರಟು 'ಶರಣ' ಎನ್ನುವಷ್ಟರಲ್ಲಿ ಅತ್ತೆ ಕೈ ಹಿಡಿದರು. "ಬ್ಯಾಡ. ಮನಿ ಹೆಸರು ನೋಡಿ ಕೊಂಡ್ರ ಮನಿ ಕೊಂಡಂಗಾಯ್ತು. ಹಿಂಡಿ ಎಲ್ಲಿ ಕೊಂಡಂಗಾಯ್ತು? ಗುರುತಿಲ್ಲದೋರು ಅಂದ್ರ ಗುರುತು ಇರಬಾರದು." ಅವರ ಮಾತು ಸರಿಯಿತ್ತು. ಹೆಸರಿನ ಜಾಗದಲ್ಲಿ 'ಶೇಂಗಾ ಹಿಂಡಿ, ವಾಡಿ' ಎಂದಷ್ಟೇ ಬರೆದೆ.

ಒಳಗಿನದನ್ನು ಬರೆಯುವುದು ಸುಲಭ ಎಂದುಕೊಂಡಿದ್ದೆ. ಆದರೆ ನಮ್ಮ ಕಾಲೊನಿ ಎಂದರೆ ಕನ್ನಡ, ಉರ್ದು, ತೆಲುಗು, ಮರಾಠಿ, ಹಿಂದಿ ಎಲ್ಲ ಒಂದೇ ನಲ್ಲಿಯ ಮುಂದೆ ನೀರಿಗೆ ನಿಲ್ಲುವ ಜಾಗ. ಓದು ಬರದವರು ಬೇರೆ. ಯಾವ ಅಕ್ಷರದಲ್ಲಿ ಬರೆಯಲಿ? ಕೊನೆಗೆ, ಹಾಕಿದ್ದೆಲ್ಲದರ ಚಿತ್ರ ತೆಗೆಯುವುದು ಎಂದಾಯಿತು. ಶಾಲೆಯಲ್ಲಿ ಡ್ರಾಯಿಂಗಿನಲ್ಲಿ ನನಗೆ ಬಹುಮಾನ ಬಂದಿತ್ತು. ಓಡುವ ಪಂದ್ಯಕ್ಕೆ ಬಂದಿದ್ದ ಬಹುಮಾನವನ್ನು ತಪ್ಪಿ ನನಗೆ ಕೊಟ್ಟಿದ್ದರು ಎಂದು ತಮ್ಮ ಹೇಳುತ್ತಾನೆ. ಶೇಂಗಾಕಾಯಿ ಪರವಾಗಿಲ್ಲ ಎನ್ನುವಂತೆ ಬಂತು. ಮೆಣಸಿನಕಾಯಿ ಚೆನ್ನಾಗಿಯೇ ಬಂತು. ಉಪ್ಪು ಗುಡ್ಡದಂತಾಯಿತು. ಜೀರಿಗೆ ಥೇಟ್ ಇರುವೆಯ ಸಾಲು. ಬೆಳ್ಳುಳ್ಳಿಯನ್ನು ಮನೆಯವರಿಗೆ ತೋರಿಸಿದರೆ, "ಗಣಪತಿಗೆ ಕಡಬು ಯಾಕ ಬರದಿ?" ಎಂದರು. ಎಸಳು ಎಸಳಾಗಿ ಗೆರೆ ಎಳೆದು ಸರಿ ಮಾಡಿದೆ. ಪಾಲಿಥೀನ್ ಚೀಲದಲ್ಲಿ ಹಿಂಡಿ ತುಂಬಿ, ಬಾಯಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿ, ಮೈದಾಹಿಟ್ಟಿನ ಅಂಟಿನಿಂದ ಬೆನ್ನಿಗೆ ಚೀಟಿ ಹಚ್ಚಿದೆವು.

ಪಗಾರದ ವಾರ ಬಂತು. ಅತ್ತೆ ಅಂಗಡಿಯ ಕಡೆ ಸುಳಿಯಲಿಲ್ಲ, ಕಂಡರೆ ಗುರುತು ಸಿಗುತ್ತದಲ್ಲ. ನಾನು ಮಾತ್ರ ಬೆಂಕಿಪೊಟ್ಟಣ ಆರಿಸುವ ನೆಪದಲ್ಲಿ ಹಿಟ್ಟಿನ ಚೀಲಗಳ ಹಿಂದೆ ನಿಂತು ನೋಡುತ್ತಿದ್ದೆ. ಬೆಂಕಿಪೊಟ್ಟಣವನ್ನು ಅಷ್ಟು ಹೊತ್ತು ಆರಿಸಿದವರು ಲೋಕದಲ್ಲಿ ಇನ್ನೊಬ್ಬರಿರಲಾರರು. ರಾವೂರಿನ ಕಲ್ಲಿನ ಗಣಿಗೆ ಹೋಗುವ ಒಬ್ಬರು ಪಾಕೀಟನ್ನು ಹಿಸುಕಿ ಹಿಸುಕಿ, "ಬುತ್ತಿ ಸಂಗಾಟ ಚೀಲದಾಗ ಇಟ್ರ ಹರೀತದೇನ್ರಿ?" ಎಂದು ಕೇಳಿದರು. ಸೇಡಂ ಕಡೆಯ ತೆಲುಗಿನ ಒಬ್ಬಾಕೆ, "ಎರಡೇ ಮೆಣಸಿನಕಾಯಿ ಬರದಾರ, ಖಾರ ಇರಲಿಕ್ಕಿಲ್ಲ," ಎಂದು ಕೆಳಗಿಟ್ಟರು. ಇನ್ನೊಬ್ಬಾಕೆ ಜೀರಿಗೆ ನೋಡಿ, "ಇರಿವಿ ಯಾಕ ಹಾಕ್ಯಾರ?" ಎಂದರು. ಮೂಗಿನವರೆಗೆ ಬಂದ ನಗುವನ್ನೂ ಅಳುವನ್ನೂ ನಾನು ಒಟ್ಟಿಗೆ ನುಂಗಿದೆ.

ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಕಾಂತಾಬಾಯಿಯವರ ಕಡೆ. ಅವರು ಅಕೌಂಟ್ಸ್ ಸಾಹೇಬರ ಹೆಂಡತಿ, ಜೈನರು. ಅಂಗಡಿಗೆ ಬರುವ ಅವರ ಬಳಗ ದೊಡ್ಡದು. ಅವರು ಕೊಂಡದ್ದನ್ನು ಆ ಸಾಲಿನ ಮನೆಯವರೆಲ್ಲ ಕೊಳ್ಳುತ್ತಿದ್ದರು. ಅವರು ಪಾಕೀಟು ಎತ್ತಿಕೊಂಡರು. ಚಿತ್ರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿಕೊಂಡು ಹೋಗಿ ಕಡುಬಿನಂಥದ್ದರ ಮೇಲೆ ನಿಲ್ಲಿಸಿದರು.

"ಲಸೂನ್?"

"ಹೌದ್ರಿ," ಎಂದರು ವೆಂಕಟರಾವ್ ಪೆಚ್ಚಾಗಿ.

ಕಾಂತಾಬಾಯಿ ಪಾಕೀಟನ್ನು ಜೋಪಾನವಾಗಿ ಇದ್ದಲ್ಲೇ ಇಟ್ಟು ಹೋದರು. ಅವರ ಹಿಂದೆ ಬಂದವರೂ ಹೋದರು. ವಾರದ ಕೊನೆಗೆ ಬುಟ್ಟಿ ಮುಕ್ಕಾಲು ತುಂಬಿಯೇ ಇತ್ತು.

ವೆಂಕಟರಾವ್ ಬುಟ್ಟಿ ಹೊರಿಸಿಕೊಂಡು ತಾವೇ ಮನೆಗೆ ಬಂದರು. ಪಾಪ, ಅವರಿಗೂ ಬೇಜಾರಾಗಿತ್ತು. ಚಹಾ ಕುಡಿಯುತ್ತ ಸುಲಭದ ದಾರಿ ಹೇಳಿದರು. "ಅಮ್ಮಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಬೆಳ್ಳುಳ್ಳಿ ಚಿತ್ರ ಒಂದು ತೆಗದುಬಿಡ್ರಿ. ಹುರಿದು ಕುಟ್ಟಿದ್ದರಾಗ ಯಾರಿಗೆ ಗೊತ್ತಾಗ್ತದ?"

ಮನೆಯವರು ತಲೆ ಕೆರೆದುಕೊಂಡರು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಕೈ ಕತ್ತರಿಯ ಕಡೆ ಹೋಗಿತ್ತು. ಸಿದ್ದಮ್ಮನವರ ನಗು ನನ್ನ ಕಿವಿಯಲ್ಲಿತ್ತು.

"ತಿಂದ ಬಾಯಿಗೆ ಗೊತ್ತಾಗಲಿಕ್ಕಿಲ್ಲ," ಎಂದರು ಅತ್ತೆ. "ಕುಟ್ಟಿದ ಕೈಗೆ ಗೊತ್ತದಲ್ರಿ? ಆ ಕಾಂತಾಬಾಯಿ ನಂಬಿ ಉಣ್ತಾರ, ಅವರ ವ್ರತ ನಾ ಕೆಡಸಲೇನ? ಮಾರಿಲ್ಲಂದ್ರ ಬ್ಯಾಡ, ನಾವೇ ಉಣ್ತೀವಿ."

ಆ ವಾರವೆಲ್ಲ ನಾವೇ ಉಂಡೆವು. ರೊಟ್ಟಿಗೆ ಹಿಂಡಿ, ಅನ್ನಕ್ಕೆ ಹಿಂಡಿ, ಮಜ್ಜಿಗೆಗೂ ಹಿಂಡಿ. ಅತ್ತೆ ಒ‌ರಳನ್ನು ತೊಳೆದು ಗೋಡೆಯ ಪಕ್ಕಕ್ಕೆ ಸರಿಸಿ ಅದರ ಮೇಲೊಂದು ಗೋಣಿಚೀಲ ಮುಚ್ಚಿದ್ದರು.

ಒಂದು ಸಂಜೆ ಬಾಗಿಲಲ್ಲಿ ಕಾಂತಾಬಾಯಿ! ಪೀಡಿಸಿ ಪೀಡಿಸಿ ವೆಂಕಟರಾವ್ ಅವರ ಬಾಯಿಂದ ನಮ್ಮ ಮನೆ ಯಾವುದು ಎಂದು ಹೊರಡಿಸಿದ್ದರಂತೆ. ಒಳಗೆ ಬಂದು, ಕೂತು, ಕನ್ನಡದಲ್ಲಿ ಹಿಂದಿ ಬೆರೆಸಿ ಶುರು ಮಾಡಿದರು.

"ಅಮ್ಮಾ, ನಾ ಇಲ್ಲಿಗೆ ಬಂದು ಇಷ್ಟು ವರ್ಷ ಆಯ್ತು. ಎಲ್ಲಾ ದುಕಾನ್‌ದಾಗ ಕೇಳ್ತೀನಿ. ಎಲ್ಲರೂ 'ಲಸೂನ್ ಇಲ್ಲ ಬಾಯಿ, ಬಿಲ್ಕುಲ್ ಇಲ್ಲ' ಅಂತಾರ. ಮನಿಗೆ ಒಯ್ದು ಬಿಚ್ಚಿದ್ರ ಘಮ್ ಅಂತ ವಾಸನಿ! ಅದ ಅಂತ ತಾವಾಗೇ ಹೇಳಿದೋರು ನೀವು ಒಬ್ಬರೇ. ನೀವು ಹಾಕದೆ ಮಾಡಿ ಕೊಡ್ರಿ. ನಿಮ್ಮ ಕೈದು ನಾ ತಿಂತೀನಿ."

ಅತ್ತೆ ಎದ್ದು ಹೋಗಿ ಒರಳ ಮೇಲಿನ ಗೋಣಿಚೀಲ ತೆಗೆದರು.

ಇನ್ನೊಂದು ಒರಳು ತರಿಸಿದೆವು, ಬೆಳ್ಳುಳ್ಳಿ ಸೋಂಕದ್ದು. ಹೊಸ ಹಿಂಡಿ ಸಿದ್ಧವಾಯಿತು. ವೆಂಕಟರಾವ್ ಅವರ ಉತ್ಸಾಹ ಹೇಳತೀರದು. "'ಬೆಳ್ಳುಳ್ಳಿ ಇಲ್ಲ' ಅಂತ ಕೆಂಪು ಮಸಿಯಾಗ ದೊಡ್ಡದಾಗಿ ಬರಸ್ರಿ!" ಎಂದು ಕೆಂಪು ಪೆನ್ನನ್ನೂ ತಂದುಕೊಟ್ಟರು. ನಾನು ಅದನ್ನು ತೆರೆಯುವಷ್ಟರಲ್ಲಿ ಅತ್ತೆಯ ಕೈ ಮತ್ತೆ ಅಡ್ಡ ಬಂತು.

"ಉಣ್ಣೂ ಪದಾರ್ಥದ ಮ್ಯಾಲ 'ಇಲ್ಲ' ಅಂತ ಬರದು ಮಂದಿ ಮನಿಗೆ ಕಳಸ್ತೀಯೇನ? ಇದ್ದದ್ದು ಬರಿ, ಸಾಕು."

"ಅತ್ತಿ, ಬರೀಲಿಲ್ಲಂದ್ರ ಮಂದಿಗೆ ಹ್ಯಾಂಗ ತಿಳೀಬೇಕ್ರಿ?"

"ಅದರಾಗ ಹಾಕಿದ್ದು ಹೇಳೀವಿ. ಇದರಾಗ ಹಾಕಿದ್ದೂ ಹೇಳ್ತೀವಿ. ತಿಳೀತದ."

ಇಷ್ಟು ಹಟವಾದಿಯ ಸೊಸೆಯಾಗಬೇಕಾದರೆ ನಾನು ಹಿಂದಿನ ಜನ್ಮದಲ್ಲಿ ಏನು ಮಾಡಿದ್ದೆನೋ ಎಂದುಕೊಳ್ಳುತ್ತ ಶೇಂಗಾ, ಮೆಣಸಿನಕಾಯಿ, ಗುಡ್ಡ, ಇರುವೆ ಬರೆದು ನಿಲ್ಲಿಸಿದೆ. ಮೆಣಸಿನಕಾಯಿಯನ್ನು ಮಾತ್ರ ಈ ಸಲ ಎರಡೂ ಬಗೆಯ ಚೀಟಿಗಳಲ್ಲಿ ಧಾರಾಳವಾಗಿ ಬರೆದಿದ್ದೆ.

ಮುಂದಿನ ಪಗಾರದ ವಾರ ಎರಡು ಬುಟ್ಟಿ ಅಕ್ಕಪಕ್ಕ ಕೂತವು. ನಾನು ಹಿಟ್ಟಿನ ಚೀಲದ ಹಿಂದೆ ಕೂತೆ. ಕಾಂತಾಬಾಯಿ ತಮ್ಮ ಸಾಲಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದರು. ಒಂದು ಕೈಯಲ್ಲಿ ಈ ಪಾಕೀಟು, ಇನ್ನೊಂದು ಕೈಯಲ್ಲಿ ಆ ಪಾಕೀಟು ಹಿಡಿದು, "ನೋಡ್ರಿ. ಇದು ಮಾಡಿದೋರೂ ಅವರೇ, ಅದು ಮಾಡಿದೋರೂ ಅವರೇ. ಹಾಕಿದಲ್ಲಿ ಹಾಕೀವಿ ಅಂದಾರ. ಇಲ್ಲಿ ಚಿತ್ರ ತೆಗದಿಲ್ಲ. ಬಸ್, ಇನ್ನೇನು ಬೇಕು?" ಎಂದರು.

ಹಿಟ್ಟಿನ ಚೀಲದ ಹಿಂದೆ ನನಗೆ ಐನಾಪುರದ ಹೊಸ್ತಿಲು ನೆನಪಾಯಿತು. ಆಯಿ, ನೀವು ಕೇಳಿದ್ದಿರಲ್ಲ, ಬರೆಯದಿದ್ದರೆ ಹಾಕಿಲ್ಲವೆಂದು ಹೇಗೆ ನಂಬಬೇಕು ಎಂದು? ಇಲ್ಲಿದೆ ನೋಡಿ ಉತ್ತರ ಎಂದು ಕೂಗಬೇಕೆನಿಸಿತು. ಹಾಕಿದ್ದನ್ನು ಹಾಕಿದ್ದೇವೆ ಎಂದು ನಷ್ಟ ಮಾಡಿಕೊಂಡು ಹೇಳಿದವರು ಹೇಳದೆ ಬಿಟ್ಟದ್ದನ್ನೂ ಜನ ನಂಬುತ್ತಾರೆ. ಕೂಗಲಿಲ್ಲ, ಗುರುತು ಸಿಕ್ಕೀತೆಂದು.

ಒಂದು ಬುಟ್ಟಿಯ ಸುತ್ತ ಅಷ್ಟು ಜನ ಕಂಡ ಮೇಲೆ ಇನ್ನೊಂದು ಬುಟ್ಟಿಗೂ ಕೈ ಬಂದವು. ಬೆಳ್ಳುಳ್ಳಿ ಬೇಕೆನ್ನುವವರು ಕಡುಬಿನ ಚಿತ್ರ ಹುಡುಕಿ ಹುಡುಕಿ ಎತ್ತಿಕೊಂಡರು. ತೆಲುಗಿನಾಕೆ ಮೆಣಸಿನಕಾಯಿಗಳನ್ನು ಎಣಿಸಿ ಸಂತೋಷಪಟ್ಟರು. ರಾವೂರಿನವರು ಹೋದ ಸಲದ್ದು ಹರಿಯಲಿಲ್ಲವೆಂದು ಹೇಳಿ ಮತ್ತೆ ಒಯ್ದರು. ವಾರದ ನಡುವಿನಲ್ಲೇ ವೆಂಕಟರಾವ್ ಎರಡು ಬರಿಯ ಬುಟ್ಟಿಗಳನ್ನು ತಲೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು, ಕಾಲೊನಿಯ ರಸ್ತೆಯುದ್ದಕ್ಕೂ ಮೆರವಣಿಗೆ ಬಂದಂತೆ ನಮ್ಮ ಮನೆಗೆ ಬಂದರು. "ಅಮ್ಮಾರ, ಹಿಂಡಿ..." ಎಂದು ಶುರು ಮಾಡಿದವರು ನಾಲಿಗೆ ಕಚ್ಚಿಕೊಂಡು, "ಹಿಂಡಿ ಇನ್ನೂ ಬೇಕ್ರಿ!" ಎಂದರು. ಅವರೂ ಕಲಿತಿದ್ದರು.

ನಾನು ಕುಣಿದಾಡಿದೆ. ಅತ್ತೆ ಮಾತ್ರ ತಲೆಯಾಡಿಸಿದರು. "ಕಾಲೊನಿ ಮಂದಿ ಎಲ್ಲ ಗುರುತಿನೋರೇ ಆದ್ರಲ್ಲವ್ವ. ಈಗ ನಲ್ಲಿ ಮುಂದ ಹೋದ್ರ ಎಲ್ಲಾರೂ 'ಹಿಂಡಿ ನಾಗಮ್ಮ ಬಂದ್ರು' ಅಂತಾರ." ಮಾತು ನಿಜ. ಅವರು ಬೇಡಿದ್ದು ಇನ್ನೂ ಸಿಕ್ಕಿರಲಿಲ್ಲ.

ಕೆಲವು ತಿಂಗಳ ಮೇಲೆ ಸಿದ್ದಮ್ಮನವರು ವಾಡಿಗೆ ಬಂದು ನಾಲ್ಕು ದಿನ ಇದ್ದು ಹೊರಟರು. ಸೇಡಂನಲ್ಲಿ ಅವರ ಮೊಮ್ಮಗನ ನಾಮಕರಣ. ಅತ್ತೆ, ನಾನು ಜೊತೆಗೆ ಹೊರಟೆವು. ಪ್ಯಾಸೆಂಜರ್ ಗಾಡಿ ಎಂದಿನಂತೆ ತಡ. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಒಬ್ಬ ಹೆಂಗಸು ಗಂಟು ಬಿಚ್ಚಿ ರೊಟ್ಟಿ ತೆಗೆದರು. ರಾಯಚೂರಿಗೆ ಹೋಗುವವರು, ಮಾತಿನಿಂದಲೇ ಗೊತ್ತಾಗುತ್ತಿತ್ತು. ರೊಟ್ಟಿಯ ಹಿಂದೆಯೇ ಒಂದು ಪಾಕೀಟು ಹೊರಬಂತು. ಅದರ ಬೆನ್ನ ಮೇಲೆ ಶೇಂಗಾ, ಗುಡ್ಡ, ಇರುವೆ, ಕಡುಬು!

ನಾನು ಅತ್ತೆಯ ಮೊಣಕೈ ತಿವಿದೆ. ಅವರು ಆಗಲೇ ನೋಡಿದ್ದರು.

ಇನ್ನೊಬ್ಬರ ಎದುರು ತಾವೊಬ್ಬರೇ ಕೂತು ಉಣ್ಣುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಆ ಹೆಂಗಸು ರೊಟ್ಟಿ ಮುರಿದು ಹಿಂಡಿ ಹಾಕಿ ನಮ್ಮ ಮೂವರ ಕೈಗೂ ಒಂದೊಂದು ತುಂಡು ಕೊಟ್ಟರು. "ತಗೋರಿ, ನಾಚಬ್ಯಾಡ್ರಿ. ನಮ್ಮ ತಮ್ಮ ಇಲ್ಲೇ ಕೆಲಸಕ್ಕದಾನ, ಅವನ ಸಂಗಾಟ ಅಂಗಡಿಗೆ ಹೋದಾಗ ಕೊಂಡೆ. ಓದಾಕ ಬರಂಗಿಲ್ರಿ ನನಗ. ಚಿತ್ರ ನೋಡಿ ತಗೊಂಡೆ. ಹಾಕಿದ್ದೆಲ್ಲ ತೋರಿಸಿ ಕೊಟ್ಟಾರ ನೋಡ್ರಿ, ಪಾಪ, ಇರಿವಿ ಸೈತ."

ಸಿದ್ದಮ್ಮನವರು ಬಾಯಿಗೆ ಹಾಕಿಕೊಂಡರು. ಒಂದು ಸಲ ಅಗಿದರು, ನಿಲ್ಲಿಸಿದರು. ಜೀವಮಾನವೆಲ್ಲ ತಿಂದ ರುಚಿ, ನಾಲಿಗೆ ಮರೆತೀತೇ? ಕಣ್ಣರಳಿಸಿ ಅತ್ತೆಯ ಕಡೆ ತಿರುಗಿ, "ಏ, ಇದು ನಮ್ಮ ವೈನಿ..." ಎನ್ನುವಷ್ಟರಲ್ಲಿ ಬೆಂಚಿನ ಕೆಳಗೆ ಅತ್ತೆಯ ಕಾಲು ಅವರ ಕಾಲಿನ ಮೇಲೆ ಭದ್ರವಾಗಿ ಕೂತಿತು. ಸಿದ್ದಮ್ಮನವರು "ಹಾ!" ಎಂದು ಬಾಯಿ ಮುಚ್ಚಿದರು.

"ಖಾರ ಹತ್ತಿತೇನ್ರಿ?" ಎಂದು ಆ ಹೆಂಗಸು ನೀರಿನ ತಂಬಿಗೆ ಮುಂದೆ ಹಿಡಿದರು.

ಅತ್ತೆ ತಮ್ಮ ತುಂಡನ್ನು ನಿಧಾನವಾಗಿ, ಹೊಸ ರುಚಿ ನೋಡುವವರ ಹಾಗೆ ಅಗಿದು ನುಂಗಿದರು. ಆಮೇಲೆ ಬೇರೆ ಯಾರಿಗೋ ಸಂಬಂಧಿಸಿದ ವಿಷಯವೆಂಬಂತೆ ಕೇಳಿದರು: "ಯಾರ ಮನ್ಯಾಗ ಮಾಡಿದ್ದು ಅಂತ ಕೇಳಿದ್ರೇನ್ರಿ?"

"ಯಾರ ಮನ್ಯಾಗರ ಮಾಡಿರ್ಲಿ, ನನಗೇನ್ರಿ?" ಎಂದರು ಆ ಹೆಂಗಸು ಬೆರಳು ಚೀಪುತ್ತ. "ಭಾಳ ರುಚಿ ಐತಿ. ಮಾಡಿದ ಕೈ ತಣ್ಣಗಿರಲಿ."

ಸಿದ್ದಮ್ಮನವರು ತಲೆ ತಗ್ಗಿಸಿ ರೊಟ್ಟಿ ಅಗಿಯುತ್ತಿದ್ದರು. ದೂರದಲ್ಲಿ ನಮ್ಮ ಗಾಡಿಯ ಸೀಟಿ ಕೇಳಿಸಿತು. ನಾನು ಗಂಟು ಎತ್ತಿಕೊಂಡೆ. ಅತ್ತೆ ಏಳಲಿಲ್ಲ. ಯಾರ ಮನೆಯ ಪಂಕ್ತಿಯಲ್ಲೂ ತಟ್ಟೆಯ ಮೇಲೆ ಅಡ್ಡ ಹಿಡಿಯುತ್ತಿದ್ದ ಆ ಕೈಯನ್ನು ಬಿಚ್ಚಿ, ಅಂಗೈ ಮೇಲೆ ಮಾಡಿ ಆ ಹೆಂಗಸಿನ ಮುಂದೆ ಚಾಚಿದರು.

"ಇನ್ನೊಂಚೂರು ಹಾಕ್ರಿ ತಂಗಿ," ಎಂದರು.